ಇಂಪ್ಲಾಂಟ್ ಸುತ್ತಲಿನ ಉರಿಯೂತ

ಕೃತಕ ಹಲ್ಲಿಗೆ ಆಧಾರವಾಗಿ ದವಡೆ ಮೂಳೆಯಲ್ಲಿ ಕೂರಿಸಿದ ಟೈಟೇನಿಯಂ ತಿರುಪಿನ ಸುತ್ತ ಹುಟ್ಟುವ ರೋಗ. ವಸಡಿಗಷ್ಟೇ ಸೀಮಿತವಾದರೆ ಮ್ಯೂಕೋಸೈಟಿಸ್. ಮೂಳೆಯೂ ಕರಗತೊಡಗಿದರೆ ಪೆರಿ-ಇಂಪ್ಲಾಂಟೈಟಿಸ್. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರ್ಗೀಕರಣ ಈ ಗೆರೆಯನ್ನು ಸ್ಪಷ್ಟಪಡಿಸಿತು. ಮೂಳೆ ಸವೆಯುವುದು ಲೋಹಕ್ಕೆ ದೇಹ ತೋರುವ ಪ್ರತಿಕ್ರಿಯೆಯಷ್ಟೇ ಎಂಬ ಆಕ್ಷೇಪವಿದೆ. ಆದರೆ ಶುಚಿ ನಿಲ್ಲಿಸಿದಾಗ ವಸಡಿನ ಉರಿಯೂತ ಏಳುವುದು, ಮತ್ತೆ ಶುಚಿಗೊಳಿಸಿದರೆ ಇಳಿಯುವುದು ಪ್ರಯೋಗಗಳಲ್ಲಿ ಕಂಡಿದೆ; ಹಲ್ಲಿನ ಪಾಚಿಯನ್ನೇ ಮೊದಲು ಹಿಡಿಯಬೇಕೆನ್ನಲು ಅಷ್ಟು ಸಾಕು. ನೋವಿಲ್ಲವೆಂದು ಸುಮ್ಮನಿರುವುದು ಅಪಾಯ. ಉಜ್ಜುವಾಗ ಬರುವ ರಕ್ತವೇ ಎಚ್ಚರಿಕೆ. ತಪಾಸಣೆಗೆ ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆಯವರಿಗೆ ಕೋಟೆ ಪ್ರದೇಶದ ಸರ್ಕಾರಿ ದಂತ ಕಾಲೇಜೂ ವಿ.ವಿ. ಪುರಂನ ಒಕ್ಕಲಿಗರ ಸಂಘದ ದಂತ ಕಾಲೇಜೂ ಹತ್ತಿರದಲ್ಲಿವೆ. ಆರಂಭದಲ್ಲಿ ಶುಚಿಗೊಳಿಸುವಿಕೆ ಸಾಕಾಗುತ್ತದೆ. ಮೂಳೆ ಕರಗಿದ ಮೇಲೆ ಹಲವೊಮ್ಮೆ ವಸಡು ಬಿಡಿಸಿ ಶಸ್ತ್ರಚಿಕಿತ್ಸೆ ಮಾಡಬೇಕು, ಬರೀ ಆಂಟಿಬಯಾಟಿಕ್ ಮಾತ್ರೆ ಸಾಲದು.