ರೋಟೇಟರ್ ಕಫ್ ಶಸ್ತ್ರಚಿಕಿತ್ಸೆ: ಹತ್ತು ವರ್ಷಗಳ ನಂತರ ಭುಜ ಹೇಗಿರುತ್ತದೆ?

ವಿಲೆ ಪಾರ್ಲೆಯಿಂದ ಚರ್ಚ್‌ಗೇಟ್ ಕಡೆಗೆ ಲೋಕಲ್ ರೈಲಿನಲ್ಲಿ ನಿಂತು ಹೋಗುವ ಹಲವರಿಗೆ ಭುಜದ ತೊಂದರೆ ಅರಿವಾಗುವುದು ತಲೆಯ ಮೇಲಿನ ಹಿಡಿಗೆ ಕೈ ಚಾಚಿದಾಗ. ಮನೆಯಲ್ಲಿ ಮೇಲಿನ ಶೆಲ್ಫಿನಿಂದ ಡಬ್ಬ ಇಳಿಸುವಾಗ, ತಲೆ ಬಾಚುವಾಗ, ರಾತ್ರಿ ಆ ಮಗ್ಗುಲಿಗೆ ಮಲಗಿದಾಗಲೂ ಅದೇ ನೋವು. ಎಂಆರ್‌ಐ ವರದಿಯಲ್ಲಿ ‘ರೋಟೇಟರ್ ಕಫ್ ಹರಿದಿದೆ’ ಎಂದು ಬಂದ ಮೇಲೆ ರೋಗಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಹೊಲಿಸಿದರೆ ಎಷ್ಟು ವರ್ಷ ಬಾಳುತ್ತದೆ? ಮತ್ತೆ ಹರಿದರೆ ಏನು ಮಾಡುವುದು?

ರೋಟೇಟರ್ ಕಫ್ ಎಂದರೇನು?

ಭುಜದ ಕೀಲನ್ನು ನಾಲ್ಕು ಸ್ನಾಯುಗಳು ಸುತ್ತುವರಿದಿವೆ. ಇವುಗಳ ತುದಿಯಲ್ಲಿರುವ ಗಟ್ಟಿ ಪಟ್ಟಿಗಳನ್ನು ಸ್ನಾಯುರಜ್ಜು ಎನ್ನುತ್ತಾರೆ. ಇವು ತೋಳಿನ ಮೂಳೆಯ ತಲೆಯನ್ನು ಕೀಲಿನ ಗುಳಿಯಲ್ಲಿ ಹಿಡಿದಿಡುತ್ತವೆ. ಕೈ ಎತ್ತಲು, ತಿರುಗಿಸಲು ನೆರವಾಗುತ್ತವೆ. ಬಿದ್ದಾಗ ಇವು ಒಮ್ಮೆಲೇ ಹರಿಯಬಹುದು. ವಯಸ್ಸಾದಂತೆ ಸವೆದು ನಿಧಾನವಾಗಿ ಹರಿಯುವುದೂ ಸಾಮಾನ್ಯ. ಅರವತ್ತು ದಾಟಿದ ಎಷ್ಟೋ ಜನರಲ್ಲಿ ನೋವೇ ಇಲ್ಲದ ಹರಿತ ಇರುತ್ತದೆ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೇ?

ಬೇಡ. ಪೆಟ್ಟಿಲ್ಲದೆ ಸವೆತದಿಂದ ಹರಿದವರ ಬಗ್ಗೆ ಅಮೆರಿಕದ ‘ಮೂನ್’ ಅಧ್ಯಯನ ತಂಡ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಕ್ರಮವಾಗಿ ಫಿಸಿಯೋಥೆರಪಿ ಮಾಡಿದವರಲ್ಲಿ ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ.

ಆದರೆ ಬಿದ್ದು ಪೆಟ್ಟಾದ ಮೇಲೆ ಕೈ ಎತ್ತಲೇ ಆಗದಿದ್ದರೆ ಕಾಯಬೇಡಿ. ಎಣ್ಣೆ ಹಚ್ಚಿ ತಿಕ್ಕುತ್ತಾ ತಿಂಗಳುಗಟ್ಟಲೆ ಕಳೆದರೆ ಹರಿದ ತುದಿ ಹಿಂದೆ ಸರಿಯುತ್ತದೆ, ಸ್ನಾಯು ಸೊರಗಿ ಅದರೊಳಗೆ ಕೊಬ್ಬು ತುಂಬುತ್ತದೆ. ಆ ಕೊಬ್ಬು ಹೊಲಿದ ಮೇಲೂ ಸಾಮಾನ್ಯವಾಗಿ ಕರಗುವುದಿಲ್ಲ.

ಹತ್ತು ವರ್ಷಗಳ ಫಲಿತಾಂಶ

ನಾರ್ವೆಯಲ್ಲಿ 3 ಸೆಂ.ಮೀ. ಮೀರದ ಹರಿತವಿದ್ದ 103 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಫಿಸಿಯೋಥೆರಪಿ ಕೊಟ್ಟು ಹತ್ತು ವರ್ಷ ಗಮನಿಸಿದರು. ನೋವು, ಚಲನೆ, ಬಲ ಇವನ್ನು ಸೇರಿಸಿ 100 ಅಂಕಗಳಲ್ಲಿ ಭುಜವನ್ನು ಅಳೆದಾಗ, ಶಸ್ತ್ರಚಿಕಿತ್ಸೆಯ ಗುಂಪು ಸರಾಸರಿ ಸುಮಾರು 10 ಅಂಕ ಮುಂದಿತ್ತು. ಐದನೇ ವರ್ಷದಲ್ಲಿ ಈ ಅಂತರ 5 ಅಂಕ ಮಾತ್ರ ಇತ್ತು. ಅಂದರೆ ಸಣ್ಣ ಮತ್ತು ಮಧ್ಯಮ ಹರಿತಗಳಲ್ಲಿ ಹೊಲಿಗೆಯ ಲಾಭ ವರ್ಷ ಕಳೆದಂತೆ ಹೆಚ್ಚು ಕಾಣುತ್ತದೆ. ಫಿಸಿಯೋಥೆರಪಿ ಗುಂಪಿನಲ್ಲೂ ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಲ್ಲದೆ ನಿಭಾಯಿಸಿದರು. 14 ಮಂದಿ ಮಾತ್ರ ನಂತರ ಮಾಡಿಸಿಕೊಂಡರು.

ಮತ್ತೆ ಹರಿದರೆ ಎಲ್ಲವೂ ವ್ಯರ್ಥವೇ?

ಇಲ್ಲ. ಹೊಲಿಗೆ ಸ್ನಾಯುರಜ್ಜನ್ನು ಮೂಳೆಗೆ ತಾಗಿಸಿ ಹಿಡಿದಿಡುತ್ತದೆ ಅಷ್ಟೇ. ಕೂಡಿಕೊಳ್ಳುವ ಕೆಲಸ ದೇಹದ್ದು. ಬ್ರಿಟನ್ನಿನಲ್ಲಿ ಐವತ್ತು ದಾಟಿದವರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, ಮತ್ತೆ ಸ್ಕ್ಯಾನ್ ಮಾಡಿದಾಗ ಹತ್ತರಲ್ಲಿ ಸುಮಾರು ನಾಲ್ವರ ಹೊಲಿಗೆ ಬಿಟ್ಟಿತ್ತು. ಆದರೂ ಅವರಲ್ಲಿ ಹೆಚ್ಚಿನವರ ನೋವು ಮೊದಲಿಗಿಂತ ಕಡಿಮೆಯಾಗಿತ್ತು. ಚೆನ್ನಾಗಿ ಕೂಡಿಕೊಂಡವರಿಗೆ ಮಾತ್ರ ಎಲ್ಲರಿಗಿಂತ ಒಳ್ಳೆಯ ಫಲಿತಾಂಶ ಸಿಕ್ಕಿತು. ಅದೇ ಪ್ರಯೋಗದಲ್ಲಿ ಕೀಹೋಲ್ ವಿಧಾನಕ್ಕೂ ತೆರೆದ ಶಸ್ತ್ರಚಿಕಿತ್ಸೆಗೂ ಎರಡು ವರ್ಷಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ಸ್ಕ್ಯಾನ್ ವರದಿ ಒಂದನ್ನೇ ನೋಡಿ ಹೆದರಬೇಡಿ. ನೋವು ಎಷ್ಟಿದೆ, ಕೈ ಎಷ್ಟು ಏಳುತ್ತದೆ ಎಂಬುದೂ ಮುಖ್ಯ. ಭಾರ ಎತ್ತುವ ಬಲದಲ್ಲಿ ಮಾತ್ರ ಕೊರತೆ ಉಳಿಯಬಹುದು.

ಯಾರಿಗೆ ಕೂಡಿಕೊಳ್ಳುವುದು ಕಷ್ಟ?

• ವಯಸ್ಸು: 2005ರ ಒಂದು ಫ್ರೆಂಚ್ ಅಧ್ಯಯನದಲ್ಲಿ 65 ಜನರ ಪೈಕಿ 71% ಮಂದಿಯ ಸ್ನಾಯುರಜ್ಜು ಪೂರ್ತಿ ಕೂಡಿತ್ತು. 65 ವರ್ಷ ದಾಟಿದವರಲ್ಲಿ ಇದು 43% ಮಾತ್ರ.
• ದೊಡ್ಡ ಅಥವಾ ಹಳೆಯ ಹರಿತ, ಕೊಬ್ಬು ತುಂಬಿದ ಸ್ನಾಯು.
• ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ. ಇದರಿಂದ ಭುಜ ಬಿಗಿಯುವ ಸಾಧ್ಯತೆಯೂ ಹೆಚ್ಚು.
• ಬೀಡಿ, ಸಿಗರೇಟು.

ವಯಸ್ಸನ್ನು ಬದಲಿಸಲಾಗದು. ಆದರೆ ಸಕ್ಕರೆಯನ್ನು ಹತೋಟಿಗೆ ತರುವುದು, ಧೂಮಪಾನ ಬಿಡುವುದು ನಿಮ್ಮ ಕೈಯಲ್ಲಿದೆ.

ಮೊದಲ ಆರು ತಿಂಗಳು ಯಾಕೆ ಮುಖ್ಯ?

ಹೊಲಿಗೆ ಬಿಡುವುದು ಹೆಚ್ಚಾಗಿ ಈ ಅವಧಿಯಲ್ಲೇ. ಸಾಮಾನ್ಯವಾಗಿ 4ರಿಂದ 6 ವಾರ ತೋಳುಪಟ್ಟಿ ಹಾಕಿಕೊಂಡಿರಬೇಕು. ನಂತರ ನಿಧಾನವಾಗಿ ಸ್ವಂತ ಬಲದಿಂದ ಕೈ ಎತ್ತುವುದು, ಸುಮಾರು ಮೂರು ತಿಂಗಳಾದ ಮೇಲೆ ಬಲ ಹೆಚ್ಚಿಸುವ ವ್ಯಾಯಾಮ. ಭಾರದ ಕೆಲಸಕ್ಕೆ 4ರಿಂದ 6 ತಿಂಗಳು, ಪೂರ್ತಿ ಚೇತರಿಕೆಗೆ ಒಂದು ವರ್ಷವೂ ಬೇಕಾಗಬಹುದು. ಹರಿತದ ಗಾತ್ರಕ್ಕೆ ತಕ್ಕಂತೆ ನಿಮ್ಮ ವೈದ್ಯರು ಇದನ್ನು ಬದಲಿಸುತ್ತಾರೆ.

ನೋವು ಹೋಯಿತೆಂದರೆ ಕೂಡಿಕೊಂಡಿತು ಎಂದಲ್ಲ. ಎರಡನೇ ತಿಂಗಳಲ್ಲೇ ಹಾಯಾಗಿದೆ ಎಂದು ನೀರಿನ ಬಕೆಟ್ ಎತ್ತಬೇಡಿ. ಗಿರಾಕಿಗಳ ಹೊತ್ತಿನಲ್ಲಿ ರೈಲಿನ ಹಿಡಿಗೆ ಜೋತುಬೀಳಬೇಡಿ. ರೈಲು ಜಗ್ಗಿದಾಗ ಇಡೀ ದೇಹದ ಭಾರ ಆ ಹೊಲಿಗೆಯ ಮೇಲೆ ಬೀಳುತ್ತದೆ.

ಮನೆಯವರು ಏನು ಮಾಡಬಹುದು?

ಮೊದಲ ವಾರಗಳಲ್ಲಿ ಸ್ನಾನ, ಉಡುಪು, ಊಟಕ್ಕೆ ನೆರವು ಬೇಕು. ಬೆನ್ನಿಗೆ ದಿಂಬು ಕೊಟ್ಟು ಅರೆ ಕುಳಿತ ಭಂಗಿಯಲ್ಲಿ ಮಲಗಿಸಿದರೆ ನಿದ್ದೆ ಬರುವುದು ಸುಲಭ. ದಿನಬಳಕೆಯ ವಸ್ತುಗಳನ್ನು ಸೊಂಟದ ಎತ್ತರದಲ್ಲಿಡಿ.

ಫಿಸಿಯೋಥೆರಪಿಗೆ ತಿಂಗಳುಗಟ್ಟಲೆ ಓಡಾಡಬೇಕಾಗುವುದರಿಂದ ಮನೆಗೆ ಹತ್ತಿರದ ಆಸ್ಪತ್ರೆಯೇ ಅನುಕೂಲ. ಈ ಭಾಗದವರಿಗೆ ವಿಲೆ ಪಾರ್ಲೆ ಪಶ್ಚಿಮದಲ್ಲಿ ಮುಂಬೈ ಮಹಾನಗರ ಪಾಲಿಕೆಯ ಕೂಪರ್ ಆಸ್ಪತ್ರೆ ಇದೆ. ಎಲ್ಲೇ ಮಾಡಿಸಿದರೂ ಶಸ್ತ್ರಚಿಕಿತ್ಸೆಯ ಖರ್ಚಿನ ಜೊತೆ ಫಿಸಿಯೋಥೆರಪಿಯ ಖರ್ಚನ್ನೂ ಮೊದಲೇ ಕೇಳಿಕೊಳ್ಳಿ.

ತಕ್ಷಣ ವೈದ್ಯರನ್ನು ಕಾಣಬೇಕಾದ್ದು ಯಾವಾಗ?

ಜ್ವರ, ಗಾಯದಿಂದ ಕೀವು, ಹೆಚ್ಚುತ್ತಿರುವ ಊತ, ಬೆರಳುಗಳಲ್ಲಿ ಜೋಮು, ಉಸಿರಾಟದ ತೊಂದರೆ ಕಂಡರೆ ಅಥವಾ ‘ಟಕ್’ ಎಂದು ಕೇಳಿದ ಮೇಲೆ ಕೈ ಏಳದಿದ್ದರೆ ತಡ ಮಾಡಬೇಡಿ.

ನಿರ್ಧರಿಸುವ ಮೊದಲು ನಿಮ್ಮ ವೈದ್ಯರನ್ನು ಕೇಳಿ: ನನ್ನ ಹರಿತ ಎಷ್ಟು ದೊಡ್ಡದು? ಸ್ನಾಯುವಿನಲ್ಲಿ ಕೊಬ್ಬು ತುಂಬಿದೆಯೇ? ನನ್ನ ವಯಸ್ಸಿಗೆ ಕೂಡಿಕೊಳ್ಳುವ ಸಾಧ್ಯತೆ ಎಷ್ಟು? ಮೊದಲು ಮೂರು ತಿಂಗಳು ಫಿಸಿಯೋಥೆರಪಿ ಮಾಡಿ ನೋಡಬಹುದೇ?