ಯೋಗ್ಯಾ: ಶಲ್ಯವೈದ್ಯನ ಹಸ್ತಶಿಕ್ಷಣ

ಶಾಸ್ತ್ರವೆಲ್ಲವೂ ಕಂಠಸ್ಥವಾಗಿದ್ದರೂ ಕೈಗೆ ಅಭ್ಯಾಸವಿಲ್ಲದ ಶಿಷ್ಯನು ಚಿಕಿತ್ಸೆಗೆ ಅರ್ಹನಲ್ಲವೆಂದು ಬಗೆದ, ಶಲ್ಯಚಿಕಿತ್ಸೆಯ ಪ್ರಾಚೀನ ಆಯುರ್ವೇದಗ್ರಂಥವಾದ ಸುಶ್ರುತಸಂಹಿತೆಯು, ತನ್ನ ಸೂತ್ರಸ್ಥಾನದ 9ನೆಯ ಅಧ್ಯಾಯವನ್ನು ‘ಯೋಗ್ಯಾ’ ಎಂಬ ಈ ಕರ್ಮಾಭ್ಯಾಸಕ್ಕಾಗಿಯೇ ಮೀಸಲಿರಿಸಿದೆ. ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳ ಮೇಲೆ ಕತ್ತರಿಸಿ ತೆಗೆಯುವ ಕ್ರಮವಾದ ಛೇದನವನ್ನೂ, ನೀರು ಕೆಸರುಗಳನ್ನು ತುಂಬಿದ ತೊಗಲಿನ ಚೀಲಗಳ ಮೇಲೆ ಸೀಳುವ ಕ್ರಮವಾದ ಭೇದನವನ್ನೂ, ರೋಮಸಹಿತವಾದ ಚರ್ಮದ ಮೇಲೆ ಕೆರೆಯುವ ಕ್ರಮವಾದ ಲೇಖನವನ್ನೂ, ಮೃತಪಶುವಿನ ಸಿರೆಗಳಲ್ಲಿಯೂ ನೈದಿಲೆಯ ನಾಳಗಳಲ್ಲಿಯೂ ಸಿರಾವೇಧನವನ್ನೂ ಶಿಷ್ಯನು ಕಲಿಯಬೇಕಾಗಿತ್ತು. ಹುಳು ತಿಂದ ಮರದ ಹಾಗೂ ಬಿದಿರಿನ ರಂಧ್ರಗಳಲ್ಲಿ ಶಲಾಕೆಯನ್ನಾಡಿಸಿ ಗಾಯದ ಆಳವನ್ನರಸುವ ಬಗೆಯನ್ನೂ, ಬಟ್ಟೆಯ ಹಾಗೂ ಮೃದುಚರ್ಮದ ಅಂಚುಗಳನ್ನು ಕೂಡಿಸಿ ಹೊಲಿಯುವುದನ್ನೂ ಅರಿತ ಬಳಿಕ, ಮಾನವಾಕೃತಿಯ ಬೊಂಬೆಯ ಅಂಗಾಂಗಗಳಿಗೆ ಪಟ್ಟಿ ಕಟ್ಟುವ ಪಾಠವಿರುತ್ತಿತ್ತು. ಕಲಿಯುವವನ ಮೊದಲ ತಪ್ಪುಗಳು ನೋವನ್ನರಿಯದ ವಸ್ತುಗಳ ಮೇಲೆಯೇ ಆಗಿಹೋಗಲೆಂಬ ಈ ವಿವೇಕವು, ರೋಗಿಯ ವಿಷಯದಲ್ಲಿ ಆ ಪರಂಪರೆಗಿದ್ದ ಕರುಣೆಯ ಅತ್ಯುತ್ತಮ ನಿದರ್ಶನವೆನ್ನಬೇಕು.

ಶರೀರಜ್ಞಾನವಾದರೋ ಕೇವಲ ಗ್ರಂಥದಿಂದ ಬರತಕ್ಕದ್ದಲ್ಲ. ಶಾರೀರಸ್ಥಾನದ 5ನೆಯ ಅಧ್ಯಾಯವು ವಿಧಿಸುವಂತೆ, ಹುಲ್ಲು, ನಾರುಗಳಿಂದ ಸುತ್ತಿದ ಶವವನ್ನು ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ, ಮರೆಯಾದ ಸ್ಥಳದಲ್ಲಿ ಮುಳುಗಿಸಿ, 7 ರಾತ್ರಿಗಳ ತರುವಾಯ ಹೊರತೆಗೆದು, ಲಾವಂಚ, ಕೂದಲು, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮ ಮೊದಲುಗೊಂಡು ಒಳಗಿನ ಅಂಗಗಳವರೆಗೆ ಒಂದೊಂದನ್ನೂ ಕಣ್ಣಾರೆ ಕಾಣಬೇಕಾಗಿತ್ತು.

ಕಾಲಾಂತರದಲ್ಲಿ ಈ ಶವಪರೀಕ್ಷಾಕ್ರಮವು ವೈದ್ಯಶಿಕ್ಷಣದಿಂದ ಬಹುಮಟ್ಟಿಗೆ ಮರೆಯಾಯಿತು. ಆದರೆ 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಮಾನವಶವಚ್ಛೇದನಕ್ಕೆ ಧೈರ್ಯದಿಂದ ಕೈಯಿಟ್ಟ ಪಂಡಿತ ಮಧುಸೂದನ ಗುಪ್ತರು, ಅಲ್ಲಿಯ ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಕಲಿತು ಬೋಧಿಸಿದ್ದವರೇ ಆಗಿದ್ದರು.