ಕೀಲಿಮಣೆ ಮೇಲೆ ಜಗಳ ಆಡಿದ ಕ್ಲಾಸು

ಚಾಟ್ ಅಂದ ತಕ್ಷಣ ನಮಗೆ ನೆನಪಾಗೋದು ಕಾಡುಹರಟೆ. ಆದರೆ ಅದನ್ನು ಪ್ರಬಂಧ ಕಲಿಸೋಕೆ ಅಂತ ತರಗತಿಗೆ ತಂದ ಮೊದಲಿಗರಲ್ಲಿ ಒಬ್ಬರು ಕಿವುಡ ವಿದ್ಯಾರ್ಥಿಗಳ ಇಂಗ್ಲಿಷ್ ಮೇಷ್ಟ್ರು. ಈ ಕಥೆ ನನಗೆ ತುಂಬಾ ಇಷ್ಟ, ಹೇಳಿಬಿಡ್ತೀನಿ.

ಅಮೆರಿಕದ ವಾಷಿಂಗ್ಟನ್‌ನಲ್ಲಿ ಗ್ಯಾಲಡೆಟ್ ಅಂತ ಕಿವುಡರ ಕಾಲೇಜಿದೆ. ಪದವಿ ಕೊಡುವ ಅಧಿಕಾರಕ್ಕೆ 1864ರಲ್ಲಿ ಲಿಂಕನ್ನೇ ಸಹಿ ಹಾಕಿದ್ದು, 1986ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿನ ಹುಡುಗರು ವಾದಕ್ಕೆ ನಿಂತರೆ ಯಾರಿಗೂ ಕಮ್ಮಿಯಿಲ್ಲ. ಆದರೆ ವಾದವೆಲ್ಲ ಸನ್ನೆ ಭಾಷೆಯಲ್ಲಿ. ಅದು ಇಂಗ್ಲಿಷನ್ನೇ ಕೈಯಲ್ಲಿ ತೋರಿಸೋದು ಅಂದುಕೊಳ್ಳಬೇಡಿ, ಅದಕ್ಕೆ ಅದರದ್ದೇ ವ್ಯಾಕರಣ ಇದೆ. (1960ರಲ್ಲಿ ಇದನ್ನು ತೋರಿಸಿಕೊಟ್ಟ ವಿಲಿಯಂ ಸ್ಟೋಕಿ ಕೂಡ ಅಲ್ಲಿನ ಇಂಗ್ಲಿಷ್ ಮೇಷ್ಟ್ರೇ!) ಕಿವಿ ಕೇಳುವ ಅಮೆರಿಕದ ಮಕ್ಕಳು ಪ್ರಬಂಧ ಬರೆಯೋ ಹೊತ್ತಿಗೆ ಇಂಗ್ಲಿಷಿನಲ್ಲಿ ಸಾವಿರ ಸಲ ಜಗಳ ಆಡಿರುತ್ತಾರೆ. ಗ್ಯಾಲಡೆಟ್‌ನ ಎಷ್ಟೋ ಹುಡುಗರಿಗೆ ಇಂಗ್ಲಿಷ್ ಅಂದರೆ ಕೆಂಪು ಶಾಯಿಯ ಹಾಳೆ ಅಷ್ಟೇ.

1985ರಲ್ಲಿ ಟ್ರೆಂಟ್ ಬ್ಯಾಟ್ಸನ್ ತರಗತಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದರು. ಟೈಪ್ ಮಾಡಿ ಕಳಿಸಿದ್ದು ಹೆಸರಿನ ಸಮೇತ ಎಲ್ಲರ ಪರದೆ ಮೇಲೂ ಬರುತ್ತಿತ್ತು. ಮೇಷ್ಟ್ರ ಮಾತೂ ಅದೇ ಸಾಲಿನಲ್ಲಿ ಮೇಲಕ್ಕೆ ಸರಿದು ಹೋಗೋದು. ಕೊನೆಗೆ ಎಲ್ಲ ಪ್ರಿಂಟ್ ತೆಗೆದರೆ ಪ್ರಬಂಧಕ್ಕೆ ಸರಕು ರೆಡಿ. ಇದಕ್ಕೆ ಎನ್ಫಿ ಅಂತ ಹೆಸರಾಯಿತು.

"ವಿಜ್ಞಾನ ವರವೋ ಶಾಪವೋ" ಅಂತ ಬರೆದ ನಮಗೆ ಎದುರಾಳಿ ಯಾರಿದ್ದರು ಹೇಳಿ? ಆ ಕಡೆ ಮಾತನ್ನೂ ನಾವೇ ಬರೆದು ನಾವೇ ಗೆಲ್ಲುತ್ತಿದ್ವಿ. ಬ್ಯಾಟ್ಸನ್ ಹುಡುಗರಿಗೆ ಇಂಗ್ಲಿಷಿನಲ್ಲೇ "ಯಾಕೆ? ಹೇಗೆ?" ಅಂತ ಕೇಳುವ ಜೀವಂತ ಎದುರಾಳಿ ಸಿಕ್ಕಿದ. ನನಗೆ ದೊಡ್ಡದು ಅನ್ನಿಸೋದು ಇದು, ಕಂಪ್ಯೂಟರ್ ಅಲ್ಲ.

ಆಮೇಲೆ ಕಾರ್ನೆಗಿ ಮೆಲನ್, ಮಿನೆಸೋಟದಂಥ ಬೇರೆ ಕಡೆಗೂ ಹೋಯಿತು. ಎಲ್ಲಾ ಕಡೆ ಸುಸೂತ್ರವೇನಲ್ಲ. ನ್ಯೂಯಾರ್ಕಿನ ಮಾರ್ಷಲ್ ಕ್ರೆಮರ್ಸ್ ತಮ್ಮ ಹುಡುಗರು ಮೇಷ್ಟ್ರನ್ನು ಬದಿಗೊತ್ತಿ ಚರ್ಚೆ ಹದಗೆಡಿಸಿದ್ದನ್ನು 1988ರಲ್ಲೇ ಬರೆದರು. ಇನ್ನು ಕೆಲವರು ಅದರಲ್ಲೇ ನಾಟಕ ಆಡಿಸಿದರು! ಬ್ಯಾಟ್ಸನ್ ಮತ್ತಿಬ್ಬರು ಸೇರಿ 1993ರಲ್ಲಿ ಸಂಪಾದಿಸಿದ ಪುಸ್ತಕದಲ್ಲೂ ಅದೇ ಮಾತು: ಯಂತ್ರ ಒಂದೇ, ಆದರೆ ಒಂದೊಂದು ಕ್ಲಾಸಿನಲ್ಲಿ ಅದು ಒಂದೊಂದು ಥರ. ಚಾಟಿನ ತುಂಡು ಸಾಲುಗಳನ್ನು ಪೋಣಿಸಿ ವಾದವಾಗಿ ಕಟ್ಟೋ ಕೆಲಸ ಮಾತ್ರ ಹುಡುಗರಿಗೇ, ಪಕ್ಕದಲ್ಲಿ ಕೂತ ಮೇಷ್ಟ್ರಿಗೇ ಉಳಿಯಿತು.

ಅಂದಹಾಗೆ, ಎನ್ಫಿಯ ಮೊದಲ ಅಕ್ಷರ ಶುರುವಿನಲ್ಲಿ 'ಇಂಗ್ಲಿಷ್'. ಆಮೇಲೆ ಅದೇ ಅಕ್ಷರಕ್ಕೆ 'ಎಲೆಕ್ಟ್ರಾನಿಕ್' ಅಂತ ಅರ್ಥ ಕೊಟ್ಟರು.